ಬಾಗಿಲಿಲ್ಲದ ಅಡ್ಡೆ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತು ಮುಗಿಯುವಾಗ ಒಂದು ಎಚ್ಚರಿಕೆ ಕೇಳಿಬರುತ್ತಿತ್ತು: ಈ ಆಟದಲ್ಲಿ ಹಣಕಾಸಿನ ಅಪಾಯವಿದೆ, ಇದು ಚಟವಾಗಬಹುದು, ಜವಾಬ್ದಾರಿಯಿಂದ, ನಿಮ್ಮದೇ ಹೊಣೆಯ ಮೇಲೆ ಆಡಿ. 2020ರ ಡಿಸೆಂಬರ್ 15ರಿಂದ ಅದು ಕಡ್ಡಾಯವಾಯಿತು. ಜಾಹೀರಾತು ಉದ್ಯಮದ್ದೇ ಸ್ವಯಂನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ ನಿಯಮ ರೂಪಿಸಿತು. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅದನ್ನು ಪಾಲಿಸಿ ಎಂದು ಟಿ.ವಿ. ವಾಹಿನಿಗಳಿಗೆ ಸೂಚಿಸಿತು. ಪತ್ರಿಕೆಯ ಜಾಹೀರಾತಾದರೆ ಶೇ 20ರಷ್ಟು ಜಾಗ ಎಚ್ಚರಿಕೆಗೇ ಬಿಡಬೇಕಿತ್ತು. ಟಿ.ವಿ., ರೇಡಿಯೊದಲ್ಲಾದರೆ ಜಾಹೀರಾತಿನ ಭಾಷೆಯಲ್ಲೇ, ಸಾಮಾನ್ಯ ಮಾತಿನ ವೇಗದಲ್ಲೇ ಹೇಳಬೇಕಿತ್ತು. 18 ವರ್ಷದೊಳಗಿನವರು ಆಡುವಂತೆ ತೋರಿಸುವಂತಿರಲಿಲ್ಲ. ಆಟವನ್ನು ಸಂಪಾದನೆಯ ದಾರಿ ಎಂದೋ ನೌಕರಿಗೆ ಬದಲಿ ಎಂದೋ ಬಿಂಬಿಸುವಂತಿರಲಿಲ್ಲ. ಓದಲು ಒಳ್ಳೆಯ ನಿಯಮ. ಅದು ಜಾರಿಗೆ ಬರುವಷ್ಟರಲ್ಲಿ ಲಾಕ್‌ಡೌನ್ ಶುರುವಾಗಿ ಒಂಬತ್ತು ತಿಂಗಳು ಸಮೀಪಿಸಿತ್ತು. ಆ ವರ್ಷದ ಐಪಿಎಲ್ ಮುಗಿದು ಒಂದು ತಿಂಗಳು ದಾಟಿತ್ತು.

ಎಚ್ಚರಿಕೆಯ ಆ ಒಂದು ಸಾಲನ್ನು ವಿಮರ್ಶೆಗೆ ಎತ್ತಿಕೊಳ್ಳಲು ಕಾರಣವಿದೆ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಜೂಜು ಮನೆಮನೆ ಹೊಕ್ಕಾಗ, ಚಟ ತಡೆಯುವ ಹೆಸರಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ನಮ್ಮಲ್ಲಿ ಆದದ್ದು ಹೆಚ್ಚುಕಡಿಮೆ ಅಷ್ಟೇ. ಉಳಿದದ್ದು ರಾಜ್ಯಗಳ ನಿಷೇಧ, ಕೋರ್ಟುಗಳ ರದ್ದತಿ, ಮತ್ತೆ ನಿಷೇಧ. ಚಟ ಹತ್ತಿದವನು ಮೊದಲು ಕಳೆದುಕೊಳ್ಳುವುದೇ ತನ್ನ ಮೇಲಿನ ಹಿಡಿತವನ್ನು. ಅಂಥವನಿಗೆ ಹಿಡಿತದಲ್ಲಿ ಆಡು, ತಪ್ಪಿದರೆ ಹೊಣೆ ನಿನ್ನದೇ ಎನ್ನುವುದು ಎಚ್ಚರಿಕೆಯಾಗದು. ಕಂಪನಿ ತನ್ನ ಕೈ ತೊಳೆದುಕೊಂಡಂತಾಗುತ್ತದೆ. ರಮ್ಮಿ, ಪೋಕರ್, ಕ್ರಿಕೆಟ್ ತಂಡ ಕಟ್ಟುವ ಫ್ಯಾಂಟಸಿ ಆಟಗಳನ್ನು ಕಾನೂನು ಏನೆಂದು ಕರೆದರೂ, ಹಣವನ್ನು ಪಣಕ್ಕಿಟ್ಟು ಆಡುವುದನ್ನು ಇಲ್ಲಿ ನಾನು ಜೂಜೆಂದೇ ಕರೆಯುತ್ತೇನೆ. ಮನೆಯಲ್ಲಿ ಅದರ ಪರಿಣಾಮ ಅನುಭವಿಸುವವರೂ ಹಾಗೆಯೇ ಕರೆಯುತ್ತಾರೆ.

ಇಸ್ಪೀಟು ನಮ್ಮ ಊರುಗಳಿಗೆ ಹೊಸದಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿ ಬಂತೆಂದರೆ ಅರಳಿಕಟ್ಟೆಯ ಮೇಲೆ ಎಲೆ ಹಾಕುವುದು ಹಬ್ಬದ ಒಂದು ಭಾಗ. ತಾಲ್ಲೂಕು ಕೇಂದ್ರಗಳ ರಿಕ್ರಿಯೇಷನ್ ಕ್ಲಬ್ಬುಗಳಲ್ಲಿ ರಮ್ಮಿ, ಊರಾಚೆಯ ತೋಪಿನಲ್ಲಿ ಅಂದರ್–ಬಾಹರ್, ಬಸ್ ನಿಲ್ದಾಣದ ಪಕ್ಕ ಮಟ್ಕಾ ಚೀಟಿ, ಬೆಂಗಳೂರು, ಮೈಸೂರಿನಲ್ಲಿ ಕುದುರೆ ರೇಸು. ಇವೂ ಸಂಸಾರಗಳನ್ನು ಮುಳುಗಿಸಿವೆ, ಹೊಲ ಮಾರಿಸಿವೆ. ಹಳೆಯ ಅಡ್ಡೆಯನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಅದಕ್ಕೊಂದು ಬಾಗಿಲಿತ್ತು. ಅಲ್ಲಿಗೆ ಎದ್ದು ಹೋಗಬೇಕಿತ್ತು, ಅದು ಮುಚ್ಚುವ ಹೊತ್ತೊಂದಿತ್ತು. ಜೇಬಿನಲ್ಲಿದ್ದದ್ದು ಖಾಲಿಯಾದರೆ ಸಾಲ ಕೇಳಲು ಇನ್ನೊಬ್ಬರ ಮುಖ ನೋಡಬೇಕಿತ್ತು. ಎಲೆ ಕಲೆಸಿ, ಕತ್ತರಿಸಿ, ಹಂಚುವಾಗ ಒಂದಿಷ್ಟು ಬಿಡುವು ಸಿಗುತ್ತಿತ್ತು. ಆ ಬಿಡುವಿನಲ್ಲಿ ಒಬ್ಬ ಎದ್ದು ಹೋಗಬಹುದಿತ್ತು. ಗಂಡ ರಾತ್ರಿಯಾದರೂ ಬರಲಿಲ್ಲವೆಂದರೆ ಎಲ್ಲಿ ಹುಡುಕಬೇಕೆಂದು ಹೆಂಡತಿಗೆ ಗೊತ್ತಿತ್ತು. 2020ರ ಮಾರ್ಚ್ 25ರ ಲಾಕ್‌ಡೌನ್ ಕ್ಲಬ್ಬು, ರೇಸ್ ಕೋರ್ಸು, ತೋಪು ಎಲ್ಲವನ್ನೂ ಮುಚ್ಚಿಸಿತು. ತೆರೆದೇ ಉಳಿದದ್ದು ಫೋನು. ಅದರಲ್ಲಿ ಹಳೆಯ ಅಡ್ಡೆಯ ಅಪಾಯಗಳೆಲ್ಲ ಇದ್ದವು. ತಡೆಗಳು ಮಾತ್ರ ಒಂದೂ ಇರಲಿಲ್ಲ.

ಫೋನಿನ ರಮ್ಮಿಯನ್ನು ಹತ್ತಿರದಿಂದ ನೋಡಬೇಕು. ಪಾಯಿಂಟ್ಸ್ ರಮ್ಮಿಯಲ್ಲಿ ಆಟಗಾರನಿಗೆ 13 ಎಲೆ. ಪ್ರತಿ ಪಾಯಿಂಟಿಗೆ ಇಷ್ಟು ಎಂದು ಮೊದಲೇ ದರ ನಿಗದಿ. ಎಲೆ ನೋಡಿದ ಕೂಡಲೇ ಡ್ರಾಪ್ ಆದರೆ 20 ಪಾಯಿಂಟ್ ಹೋಗುತ್ತದೆ, ನಡುವೆ ಡ್ರಾಪ್ ಆದರೆ 40, ಪೂರಾ ಸೋತರೆ 80. ಎದುರಿನವನು ಡಿಕ್ಲೇರ್ ಮಾಡಿದರೆ ಗೇಮು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಮರುಕ್ಷಣವೇ ಮುಂದಿನ ಎಲೆ ಬೀಳುತ್ತದೆ. ಕಲೆಸುವ ಹೊತ್ತು ಇಲ್ಲ, ಹಂಚುವ ಹೊತ್ತು ಇಲ್ಲ. ಸಾಲದೆಂದರೆ ಒಂದೇ ಪರದೆಯಲ್ಲಿ ಎರಡು ಮೂರು ಟೇಬಲ್ಲುಗಳಲ್ಲಿ ಒಟ್ಟಿಗೇ ಆಡಬಹುದು. ಕಂಪನಿಗೆ ಯಾರು ಗೆದ್ದರೂ ಒಂದೇ, ಪ್ರತಿ ಗೇಮಿನ ಪಣದಲ್ಲಿ ಅದರ ಕಮಿಷನ್ ಕಡಿತವಾಗುತ್ತದೆ. ಗೇಮುಗಳು ಹೆಚ್ಚಾದಷ್ಟೂ ಕಮಿಷನ್ ಹೆಚ್ಚು. ಹೀಗಾಗಿ ಆಟಗಾರ ಎದ್ದು ಹೋಗಬಹುದಾದ ಕ್ಷಣಗಳನ್ನೆಲ್ಲ ಅಳಿಸಿಹಾಕುವುದು ಈ ವಿನ್ಯಾಸದ ಸಹಜ ಗುರಿಯಾಗುತ್ತದೆ. ಮೊದಲ ಬಾರಿ ಹಣ ಹಾಕಿದವರಿಗೆ ಬೋನಸ್, ನಾಲ್ಕು ದಿನ ಆಡದಿದ್ದವರಿಗೆ ನೆನಪೋಲೆ, ಹೆಚ್ಚು ಕಟ್ಟುವವರಿಗೆ ವಿಶೇಷ ದರ್ಜೆ, ಎಲ್ಲವೂ ಇದೇ ಕೆಲಸಕ್ಕೆ. ಸಾವಿರ ರೂಪಾಯಿ ಒಳಹಾಕಲು ಬೇಕಾದದ್ದು ಅರೆಕ್ಷಣ ಮತ್ತು ಒಂದು ಪಿನ್ನು.

ಆ ಪಿನ್ನನ್ನು ಒತ್ತುವ ರೂಢಿಯೂ ಅದೇ ವರ್ಷ ಹರಡಿತು. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 125 ಕೋಟಿ ಯುಪಿಐ ವಹಿವಾಟು ನಡೆದಿದ್ದವು. ಏಪ್ರಿಲ್‌ನಲ್ಲಿ ಅದು 100 ಕೋಟಿಯ ಮಟ್ಟಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ 200 ಕೋಟಿ ದಾಟಿತು. ಅದರಲ್ಲಿ ಬಹುಪಾಲು ಹಾಲು, ದಿನಸಿ, ಕರೆಂಟು ಬಿಲ್ಲಿನ ಹಣವೇ ಇರಬೇಕು. ಆದರೆ ನೋಟು ಎಣಿಸುವಾಗ ಕೈಗೆ ತಾಗುತ್ತಿದ್ದ ನಷ್ಟ ಪರದೆಯಲ್ಲಿ ತಾಗುವುದಿಲ್ಲ ಎಂಬುದನ್ನು ಯಾವ ವ್ಯಾಪಾರಿಯಾದರೂ ಹೇಳಬಲ್ಲ. ಅದೇ ತಿಂಗಳುಗಳಲ್ಲಿ ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ಆಗಸ್ಟ್‌ವರೆಗೆ ವಿರಾಮ ಕೊಟ್ಟಿತು; ಮಾರ್ಚ್ ಕೊನೆಯಿಂದ ಭವಿಷ್ಯ ನಿಧಿಯಲ್ಲಿ ಒಂದು ಪಾಲನ್ನು ತೆಗೆಯಲು ನೌಕರರಿಗೆ ಅವಕಾಶ ಸಿಕ್ಕಿತು. ಕಷ್ಟದಲ್ಲಿದ್ದವರಿಗೆ ಇವು ಬೇಕಿದ್ದ ನೆರವೇ. ಜೂಜಿನ ಸೆಳೆತದಲ್ಲಿದ್ದವನಿಗೆ ಮಾತ್ರ ಕೈಗೆ ದಿಢೀರನೆ ಸಿಕ್ಕ ಹಣ ಅಪಾಯದ್ದು. ಅದು ಮುಗಿದ ಮೇಲೆ ಆಧಾರ್, ಪ್ಯಾನ್ ಚಿತ್ರ ಕಳಿಸಿದರೆ ನಿಮಿಷಗಳಲ್ಲಿ ಸಾಲ ಕೊಡುವ ಆ್ಯಪ್‌ಗಳು ಕಾದಿದ್ದವು. ಅವುಗಳ ಕಿರುಕುಳದ ದೂರುಗಳು ಏರಿದ ಮೇಲೆ ರಿಸರ್ವ್ ಬ್ಯಾಂಕು 2021ರ ಜನವರಿಯಲ್ಲಿ ಕಾರ್ಯತಂಡ ನೇಮಿಸಿತು. ಮಾರ್ಗಸೂಚಿ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಜೂಜಿನ ಆ್ಯಪ್ಪು ಮತ್ತು ಸಾಲದ ಆ್ಯಪ್ಪು ಒಂದೇ ಫೋನಿನಲ್ಲಿ ಅಕ್ಕಪಕ್ಕ ಕೂತಾಗ ಏನಾಗುತ್ತದೆಂಬುದನ್ನು ನಮ್ಮ ಯಾವ ನಿಯಮವೂ ಒಟ್ಟಿಗೆ ಇಟ್ಟು ಯೋಚಿಸಲಿಲ್ಲ. ಒಂದು ಜಾಹೀರಾತಿನ ವಿಷಯವಾಯಿತು, ಇನ್ನೊಂದು ಬ್ಯಾಂಕಿನ ವಿಷಯವಾಯಿತು. ಸಾಲಗಾರ ಮಾತ್ರ ಒಬ್ಬನೇ.

ಅದೇ ಲಾಕ್‌ಡೌನಿನಲ್ಲಿ ಕುಡಿತದ ಚಟವನ್ನು ನಾವು ಹೇಗೆ ಕಂಡೆವು ಎಂಬುದನ್ನು ನೆನೆಯಬೇಕು. ಮದ್ಯದಂಗಡಿಗಳು ಮುಚ್ಚಿದಾಗ ಕೈ ನಡುಗುವವರು, ಭ್ರಮೆಗೊಳಗಾದವರು ಆಸ್ಪತ್ರೆಗೆ ಬಂದರು. ಮೇ 4ರಂದು ಅಂಗಡಿ ತೆರೆದಾಗ ಉದ್ದುದ್ದ ಸಾಲುಗಳನ್ನು ಟಿ.ವಿ. ತೋರಿಸಿತು. ಆ ಚಟ ಬೀದಿಗೆ ಕಂಡಿತು, ಹಾಗಾಗಿ ಚರ್ಚೆಗೂ ಬಂತು. ಪಕ್ಕದ ಕೋಣೆಯಲ್ಲಿ ಹೊದಿಕೆಯೊಳಗೆ ಫೋನಿನ ಬೆಳಕಿನಲ್ಲಿ ರಾತ್ರಿ ಎರಡರವರೆಗೆ ಆಡುವವನ ಬಾಯಿ ನಾರುವುದಿಲ್ಲ, ಅವನು ತೂರಾಡುವುದಿಲ್ಲ. ಮನೆಯವರಿಗೆ ತಿಳಿಯುವುದು ಸಾಲದವರು ಫೋನು ಮಾಡಿದ ದಿನ.

ಇಲ್ಲೊಂದು ಪ್ರಶ್ನೆಗೆ ಎದುರಾಗಲೇಬೇಕು. ಮಹಾಮಾರಿ ಜೂಜನ್ನು ನಿಜಕ್ಕೂ ಹೆಚ್ಚಿಸಿತೇ? ಲೆಕ್ಕ ಇಟ್ಟ ದೇಶಗಳ ಉತ್ತರ ನಾವು ಎಣಿಸಿದಷ್ಟು ಸರಳವಾಗಿಲ್ಲ. ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ 2020ರಲ್ಲಿ ದೊಡ್ಡ ಕಂಪನಿಗಳಿಂದ ತಿಂಗಳು ತಿಂಗಳ ಲೆಕ್ಕ ತರಿಸಿ ಪ್ರಕಟಿಸಿತು. ಪಂದ್ಯಗಳು ನಿಂತಿದ್ದರಿಂದ ಕ್ರೀಡಾ ಬಾಜಿ ಕುಸಿಯಿತು. ಪೋಕರ್, ಕಂಪ್ಯೂಟರ್ ಸೃಷ್ಟಿಸುವ ಕೃತಕ ಪಂದ್ಯಗಳ ಬಾಜಿ ಏರಿತು. ಯುರೋಪಿನ ಒಂದು ಕಂಪನಿಯ ಕ್ರೀಡಾ ಬಾಜಿದಾರರ ಲೆಕ್ಕವನ್ನು ಮೈಕೆಲ್ ಔಯರ್, ಮಾರ್ಕ್ ಗ್ರಿಫಿತ್ಸ್ ಮೊದಲಾದವರು ಪರಿಶೀಲಿಸಿದಾಗ, ಬಹುಮಂದಿ ಬಾಜಿ ಕಡಿಮೆ ಮಾಡಿದ್ದೇ ಕಂಡಿತು. ಎಲ್ಲರೂ ಕ್ಯಾಸಿನೊ ಆಟಗಳಿಗೆ ಜಿಗಿಯಲಿಲ್ಲ. ಸ್ವೀಡನ್ನಿನಲ್ಲಿ ಆ್ಯಂಡರ್ಸ್ ಹೊಕಾನ್ಸನ್ ನಡೆಸಿದ ಸಮೀಕ್ಷೆಯಲ್ಲಿ ಜೂಜು ಹೆಚ್ಚಿಸಿದೆವು ಎಂದವರು ಶೇ 4ರಷ್ಟು ಮಾತ್ರ. ಆದರೆ ಆ ಪುಟ್ಟ ಗುಂಪಿನಲ್ಲೇ ಜೂಜಿನ ಸಮಸ್ಯೆ ತೀವ್ರವಾಗಿತ್ತು. ಯುರೋಪಿನ ಉಳಿದ ದೇಶಗಳಲ್ಲಿ ಫುಟ್‌ಬಾಲ್ ಲೀಗುಗಳು ನಿಂತಾಗ ಬೆಲರೂಸಿನ ಲೀಗ್ ಮಾತ್ರ ನಡೆಯುತ್ತಲೇ ಇತ್ತು. ಆ ಆಟಗಾರರ ಹೆಸರನ್ನೇ ಕೇಳದವರೂ ಅದರ ಮೇಲೆ ಬಾಜಿ ಕಟ್ಟಿದರು. ರಷ್ಯಾದ ಅಷ್ಟೇನೂ ಪ್ರಸಿದ್ಧವಲ್ಲದ ಟೇಬಲ್ ಟೆನಿಸ್ ಪಂದ್ಯಗಳ ಮೇಲೂ ಕಟ್ಟಿದರು. ಆಟದ ಪ್ರೀತಿಯಿಂದ ಬಾಜಿ ಕಟ್ಟುವವನು ಆಟ ನಿಂತಾಗ ತಾನೂ ನಿಲ್ಲುತ್ತಾನೆ. ಬಾಜಿಯೇ ಬೇಕಾದವನು ಎಂಥ ಆಟವನ್ನಾದರೂ ಹುಡುಕಿಕೊಳ್ಳುತ್ತಾನೆ. ಈ ಇಬ್ಬರನ್ನು ಪ್ರತ್ಯೇಕಿಸಿ ನೋಡಲು ಇಷ್ಟು ಸ್ಪಷ್ಟವಾದ ಅವಕಾಶ ಹಿಂದೆಂದೂ ಸಿಕ್ಕಿರಲಿಲ್ಲ.

ತಡೆಯ ದೃಷ್ಟಿಯಿಂದ ಇದು ದೊಡ್ಡ ಪಾಠ. ಅಪಾಯ ಎಲ್ಲರ ಮೇಲೆ ಸಮನಾಗಿ ಹಂಚಿಲ್ಲ. ಹೆಚ್ಚು ಹೊತ್ತು, ಹೆಚ್ಚು ವೇಗದಲ್ಲಿ, ರಾತ್ರಿ ವೇಳೆ, ಕಳೆದುಕೊಂಡದ್ದನ್ನು ಮರಳಿ ಗೆಲ್ಲಲೆಂದು ಆಡುವ ಕೆಲವರ ಮೇಲೆ ಅದು ರಾಶಿ ಬೀಳುತ್ತದೆ. ಆ ಕೆಲವರನ್ನು ಗುರುತಿಸಲು ಬೇಕಾದ ಸಮಯ, ಮೊತ್ತ, ವೇಗ, ಗಂಟೆ, ಈ ನಾಲ್ಕೂ ಕಂಪನಿಯ ಸರ್ವರಿನಲ್ಲಿ ಸೆಕೆಂಡು ಬಿಡದೆ ದಾಖಲಾಗುತ್ತವೆ.

ಕೆಲವು ದೇಶಗಳು ಅಲ್ಲೇ ಕೈಹಾಕಿದವು. ಸ್ವೀಡನ್ 2020ರ ಜುಲೈ 2ರಿಂದ ಆನ್‌ಲೈನ್ ಕ್ಯಾಸಿನೊಗೆ ವಾರಕ್ಕೆ 5,000 ಕ್ರೋನರ್‌ಗಿಂತ ಹೆಚ್ಚು ಹಾಕದಂತೆ ಮಿತಿ ತಂದಿತು, ಬೋನಸ್ಸಿಗೂ ಕಡಿವಾಣ ಹಾಕಿತು. ಸ್ಪೇನ್ ಲಾಕ್‌ಡೌನಿನಲ್ಲಿ ಜೂಜಿನ ಜಾಹೀರಾತನ್ನು ರಾತ್ರಿ 1ರಿಂದ 5 ಗಂಟೆಯೊಳಕ್ಕೆ ದೂಡಿತು. ಲಾಟ್ವಿಯ ಆನ್‌ಲೈನ್ ಜೂಜನ್ನೇ ಕೆಲಕಾಲ ನಿಲ್ಲಿಸಿತು. ಬ್ರಿಟನ್ 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದನ್ನು ನಿಷೇಧಿಸಿತು. ಈ ನಿರ್ಧಾರ ಕೋವಿಡ್‌ಗೆ ಮುನ್ನವೇ ಆಗಿತ್ತು, ಜಾರಿಗೆ ಬಂದ ಹೊತ್ತು ಅದೃಷ್ಟದ್ದು. ಅಲ್ಲೇ ಮಾರ್ಚ್ 31ರಿಂದ ಗ್ಯಾಮ್‌ಸ್ಟಾಪ್ ಎಂಬ ನೋಂದಣಿಗೆ ಎಲ್ಲ ಪರವಾನಗಿದಾರ ಕಂಪನಿಗಳೂ ಸೇರಲೇಬೇಕಾಯಿತು. ಆಟಗಾರ ಒಮ್ಮೆ ಅಲ್ಲಿ ಹೆಸರು ಬರೆಸಿದರೆ ಎಲ್ಲ ಕಂಪನಿಗಳೂ ಅವನನ್ನು ಹೊರಗಿಡಬೇಕು. ಇವುಗಳಲ್ಲೂ ಲೋಪಗಳಿವೆ. ವಾರದ ಮಿತಿ ಒಂದು ಕಂಪನಿಗೆ ಸೀಮಿತವಾದರೆ ಆಟಗಾರ ಮತ್ತೊಂದಕ್ಕೆ ಹೋಗುತ್ತಾನೆ. ಪರವಾನಗಿ ಇಲ್ಲದ ಹೊರದೇಶದ ತಾಣಕ್ಕೆ ಗ್ಯಾಮ್‌ಸ್ಟಾಪ್ ತಾಗುವುದಿಲ್ಲ. ಆದರೂ ನಾನು ಇವನ್ನು ಮೆಚ್ಚುವುದು ಒಂದು ಕಾರಣಕ್ಕೆ. ಹೊಣೆಯ ಒಂದು ಪಾಲನ್ನು ಇವು ಆಟಗಾರನ ತಲೆಯಿಂದ ಇಳಿಸಿ ಯಂತ್ರದೊಳಕ್ಕೆ ಹಾಕಿದವು. ನಮ್ಮಲ್ಲಿ ಒಂದು ಆ್ಯಪ್ಪಿನಿಂದ ತನ್ನನ್ನು ಹೊರಹಾಕಿಕೊಂಡವನು ಅದೇ ಸಂಜೆ ಇನ್ನೊಂದನ್ನು ಇಳಿಸಿಕೊಳ್ಳಬಹುದಿತ್ತು. ಆ ಇನ್ನೊಂದು ಅವನನ್ನು ಹೊಸ ಗ್ರಾಹಕನೆಂದು ಬೋನಸ್ ಕೊಟ್ಟು ಸ್ವಾಗತಿಸುತ್ತಿತ್ತು.

ಇಲ್ಲಿ ನಡೆದದ್ದೇ ಬೇರೆ. ಚೀನಾದ ವಿವೊ ಹಿಂದೆ ಸರಿದ ಮೇಲೆ 2020ರ ಆಗಸ್ಟ್‌ನಲ್ಲಿ ಐಪಿಎಲ್‌ನ ಮುಖ್ಯ ಪ್ರಾಯೋಜಕತ್ವ 222 ಕೋಟಿ ರೂಪಾಯಿಗೆ ಡ್ರೀಮ್11 ಪಾಲಾಯಿತು. ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ಯುಎಇಯ ಖಾಲಿ ಮೈದಾನಗಳಲ್ಲಿ ನಡೆದ ಪಂದ್ಯಗಳನ್ನು ಮನೆಯಲ್ಲೇ ಕೂತ ದೇಶ ನೋಡಿತು. ಹಣ ಕಟ್ಟಿ ತಂಡ ಕಟ್ಟುವ ಆಟದ ಹೆಸರು ಆ ಪಂದ್ಯಾವಳಿಯ ಹೆಸರಿಗೇ ಅಂಟಿಕೊಂಡಿತ್ತು. ಮಕ್ಕಳು ಆರಾಧಿಸುವ ಆಟಗಾರರೇ ಇಂಥ ಆಟಗಳ ಜಾಹೀರಾತಿನಲ್ಲಿದ್ದರು. ಕ್ರಿಕೆಟ್ ನೋಡುವುದೂ ಹಣ ಕಟ್ಟುವುದೂ ಒಂದೇ ಸಂಜೆಯ ಎರಡು ಕೆಲಸಗಳೆಂಬ ರೂಢಿ ಹೀಗೆ ಬೆಳೆಯಿತು. ಮಹಾಮಾರಿ ಬಿಟ್ಟುಹೋದ ಅತಿ ದೀರ್ಘ ಬದಲಾವಣೆ ಇದೇ ಎಂದು ನನ್ನ ಎಣಿಕೆ. ರಾತ್ರಿಯಿಡೀ ರಮ್ಮಿ ಆಡುವವರು ಯಾವ ಕಾಲಕ್ಕೂ ಕೆಲವರೇ. ಪಂದ್ಯ ಹಚ್ಚುವ ಮುನ್ನ ಆ್ಯಪ್ ತೆರೆಯುವ ಹುಡುಗರು ಪ್ರತಿ ಓಣಿಯಲ್ಲೂ ಆದರು, ಅದರಲ್ಲೇನೂ ತಪ್ಪಿದೆಯೆಂದು ಅವರಿಗೆ ಯಾರೂ ಹೇಳಲಿಲ್ಲ.

ಸರ್ಕಾರಗಳು ಎಚ್ಚೆತ್ತಾಗ ಹಿಡಿದದ್ದು ನಿಷೇಧದ ದಾರಿ. ಆಂಧ್ರಪ್ರದೇಶ 2020ರ ಸೆಪ್ಟೆಂಬರ್‌ನಲ್ಲಿ, ತಮಿಳುನಾಡು ನವೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದವು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿತು. ಅಕ್ಟೋಬರ್ 5ರಿಂದ ಅದು ಜಾರಿಗೆ ಬಂತು. ಕೌಶಲದ ಆಟವಾದರೂ ಹಣ ಪಣಕ್ಕಿಟ್ಟರೆ ಅಪರಾಧ, ಗರಿಷ್ಠ 3 ವರ್ಷ ಜೈಲು, 1 ಲಕ್ಷ ರೂಪಾಯಿ ದಂಡ. ಆದರೆ ಕುದುರೆ ರೇಸಿನ ಬಾಜಿಗೆ ವಿನಾಯಿತಿ. ಚಟದಿಂದ ಜನರನ್ನು ಕಾಪಾಡುವುದೇ ಉದ್ದೇಶವಾಗಿದ್ದರೆ ಈ ವಿನಾಯಿತಿಗೆ ಯಾವ ಸಮರ್ಥನೆಯೂ ಇಲ್ಲ. ರೇಸ್ ಕೋರ್ಸಿನಲ್ಲಿ ಮನೆ ಕಳೆದುಕೊಂಡವರ ಕತೆಗಳು ಬೆಂಗಳೂರಿಗೆ ಹೊಸವಲ್ಲ.

2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟ ಜೂಜಲ್ಲ, ಅದು ವ್ಯಾಪಾರದ ಹಕ್ಕಿನೊಳಗೆ ಬರುತ್ತದೆ ಎಂಬ ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳ ಸರಣಿಯನ್ನು ಅದು ಅನುಸರಿಸಿತು. ಬೇರೆ ಸೂಕ್ತ ಕಾನೂನು ತರಲು ಅಡ್ಡಿಯಿಲ್ಲ ಎಂದೂ ಹೇಳಿತು. ಅದಕ್ಕೆ ಕೆಲವು ತಿಂಗಳ ಮುಂಚೆ, 2021ರ ಆಗಸ್ಟ್ 3ರಂದು, ಮದ್ರಾಸ್ ಹೈಕೋರ್ಟು ತಮಿಳುನಾಡಿನ ಕಾನೂನಿಗೂ ಇದೇ ಗತಿ ಕಾಣಿಸಿತ್ತು. ಪೂರ್ವನಿದರ್ಶನಗಳಿಗೆ ಬದ್ಧವಾದ ಪೀಠವೊಂದು ಬೇರೆ ರೀತಿ ತೀರ್ಪು ಕೊಡುವುದು ಕಷ್ಟವಿತ್ತೆಂದು ಒಪ್ಪುತ್ತೇನೆ. ಆದರೆ ಆ ಸರಣಿಯ 1968ರ ತೀರ್ಪನ್ನು, ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿಗೆ ಸಂಬಂಧಿಸಿದ್ದನ್ನು, ಪೂರ್ತಿ ಓದಬೇಕು. ಬಿದ್ದ ಎಲೆಗಳನ್ನು ನೆನಪಿಡುವುದು, ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬುದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದ ಅದೇ ತೀರ್ಪು, ಕ್ಲಬ್ಬಿನ ಮಾಲೀಕ ಆ ಆಟದಿಂದ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧವಾಗಬಹುದು ಎಂದೂ ಹೇಳಿತ್ತು. ಪ್ರತಿ ಗೇಮಿಗೂ ಕಮಿಷನ್ ಕಡಿಯುವ ಕಂಪನಿಯ ಕಾಲದಲ್ಲಿ ಈ ಎರಡನೆಯ ಮಾತಿಗೆ ಮೊದಲನೆಯದರಷ್ಟೇ ತೂಕ ಸಿಗಬೇಕಿತ್ತು.

ಅದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಪ್ರಶ್ನೆಗೂ, ಅದು ಚಟ ಹತ್ತಿಸುತ್ತದೋ ಇಲ್ಲವೋ ಎಂಬ ಪ್ರಶ್ನೆಗೂ ಸಂಬಂಧವೇ ಇಲ್ಲ. ಇನ್ನೂ ಹೇಳುವುದಾದರೆ, ಕೌಶಲದ ನಂಬಿಕೆ ಸೋತವನನ್ನು ಮೇಜಿಗೆ ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕುತ್ತದೆ. ಲಾಟರಿ ಸೋತವನು ಹಣೆಬರಹ ಎನ್ನುತ್ತಾನೆ. ರಮ್ಮಿ ಸೋತವನು ಜೋಕರ್ ಬಿಡಬಾರದಿತ್ತು, ಮೊದಲೇ ಡ್ರಾಪ್ ಆಗಬೇಕಿತ್ತು, ಮುಂದಿನ ಸಲ ಸರಿ ಆಡುತ್ತೇನೆ ಎನ್ನುತ್ತಾನೆ. ಪ್ರತಿ ಸೋಲೂ ಅವನಿಗೆ ಪಾಠದಂತೆ ಕಾಣುತ್ತದೆ, ಪಾಠ ಕಲಿತವನು ಮತ್ತೆ ಆಡಲೇಬೇಕು. ಐದಾರು ವರ್ಷ ನಮ್ಮ ವಿಧಾನಸಭೆಗಳು, ವಕೀಲರು, ಕಂಪನಿಗಳು ಎಲ್ಲರೂ ಕೌಶಲದ ಪ್ರಶ್ನೆಯ ಸುತ್ತಲೇ ತಿರುಗಿದರು. ರಾತ್ರಿ ಎರಡಕ್ಕೆ ಮೂರನೇ ಟೇಬಲ್ ತೆರೆಯುವವನಿಗೆ ಏನು ಮಾಡಬೇಕು ಎಂಬುದು ಆ ವಾದದ ಹೊರಗೇ ಉಳಿಯಿತು.

ಒಂದು ಅವಕಾಶವನ್ನಂತೂ ಕರ್ನಾಟಕ ಕೈಯಾರೆ ಬಿಟ್ಟಿತು. 2021ರ ಅಕ್ಟೋಬರ್‌ನಿಂದ 2022ರ ಫೆಬ್ರವರಿಯವರೆಗೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಲವು ದೊಡ್ಡ ಕಂಪನಿಗಳು ಈ ರಾಜ್ಯದ ಆಟಗಾರರಿಗೆ ಹಣದ ಆಟ ನಿಲ್ಲಿಸಿದ್ದವು. ಫೋನು ಎಲ್ಲಿದೆಯೆಂದು ನೋಡಿ ಆ್ಯಪ್ಪೇ ತಡೆಯುತ್ತಿತ್ತು. ಗಡಿಯಾಚೆಯ ಹೊಸೂರಿನಲ್ಲಿ ತೆರೆಯುವ ಆಟ ಅತ್ತಿಬೆಲೆಯಲ್ಲಿ ತೆರೆಯುತ್ತಿರಲಿಲ್ಲ. ಆ ನಾಲ್ಕು ತಿಂಗಳು ಭಾರೀ ಆಟಗಾರರು ಏನು ಮಾಡಿದರು? ನಿಲ್ಲಿಸಿದರೇ, ಹೊರದೇಶದ ತಾಣಗಳಿಗೆ ಹೋದರೇ, ಕ್ಲಬ್ಬಿಗೆ ಮರಳಿದರೇ, ಆಟ ಮತ್ತೆ ತೆರೆದಾಗ ಮೊದಲಿಗಿಂತ ಹೆಚ್ಚು ಕಟ್ಟಿದರೇ? ನಿಷೇಧದ ಪರ, ವಿರೋಧ ಯಾರೇ ವಾದಿಸಲಿ, ಬೇಕಾದ ಸಾಕ್ಷ್ಯ ಇದೇ. ಆದರೆ ಆ ಲೆಕ್ಕ ತರಿಸಿ ನೋಡುವ ನಿಯಂತ್ರಕ ಸಂಸ್ಥೆಯೊಂದು ನಮ್ಮಲ್ಲಿ ಇರಲೇ ಇಲ್ಲ.

ಚಿಕಿತ್ಸೆಯ ಕಡೆ ಬಂದರೆ ಬೆಂಗಳೂರಿಗೆ ಹೆಮ್ಮೆಪಡುವ ಒಂದು ಕಾರಣವಿದೆ. ತಂತ್ರಜ್ಞಾನದ ಅತಿಬಳಕೆಗೆಂದೇ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ಆರಂಭಿಸಿತು; ಮನಶ್ಶಾಸ್ತ್ರಜ್ಞ ಡಾ. ಮನೋಜ್ ಕುಮಾರ್ ಶರ್ಮ ಅದನ್ನು ಕಟ್ಟಿದವರು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ–11 ವರ್ಗೀಕರಣ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಜೂಜಿನ ಕಾಯಿಲೆಯನ್ನು ಮುಖ್ಯವಾಗಿ ಆನ್‌ಲೈನ್, ಮುಖ್ಯವಾಗಿ ಆಫ್‌ಲೈನ್ ಎಂದು ಬೇರ್ಪಡಿಸಿತು. ಅದಕ್ಕೆ ಎಂಟು ವರ್ಷ ಮೊದಲೇ ನಮ್ಮಲ್ಲೊಂದು ಬಾಗಿಲು ತೆರೆದಿತ್ತು. ಈ ಕಾಯಿಲೆಗೆಂದೇ ಮಾನ್ಯತೆ ಪಡೆದ ಔಷಧಿ ಇಲ್ಲ. ಯೋಚನೆಯ ಜಾಡನ್ನು ತಿದ್ದುವ ಆಪ್ತಸಲಹೆ, ನಿದ್ರೆ ಸರಿಪಡಿಸುವುದು, ಖಿನ್ನತೆ ಇದ್ದರೆ ಅದರ ಚಿಕಿತ್ಸೆ, ಸಾಲದ ಪೂರ್ತಿ ಲೆಕ್ಕವನ್ನು ಮನೆಯವರ ಮುಂದಿಡುವುದು, ಹಣದ ವ್ಯವಹಾರವನ್ನು ಕೆಲಕಾಲ ಇನ್ನೊಬ್ಬರ ಕೈಗೆ ಕೊಡುವುದು, ಇದೇ ದಾರಿ. ನಿಧಾನದ ಕೆಲಸ, ಮನೆಯವರೂ ಜೊತೆಗಿರಬೇಕಾದ ಕೆಲಸ.

ಮನೆಯವರು ಪ್ರೀತಿಯಿಂದಲೇ ಮಾಡುವ ಒಂದು ತಪ್ಪಿದೆ. ಮಗನ ಸಾಲ ತೀರಿಸಿಬಿಟ್ಟರೆ ಎಲ್ಲ ಮುಗಿಯಿತೆಂದು ಒಡವೆ ಅಡವಿಡುತ್ತಾರೆ, ಸೈಟು ಮಾರುತ್ತಾರೆ, ದೇವರ ಮುಂದೆ ಆಣೆ ಮಾಡಿಸುತ್ತಾರೆ. ಮಹಾಭಾರತದ ಕತೆಯಲ್ಲಿ ನಾವೆಲ್ಲ ನೆನೆಯುವುದು ಮೊದಲ ದ್ಯೂತವನ್ನು. ನನ್ನನ್ನು ಹೆಚ್ಚು ಕಾಡುವುದು ಅನುದ್ಯೂತ. ಕಳೆದುಕೊಂಡದ್ದನ್ನೆಲ್ಲ ಧೃತರಾಷ್ಟ್ರ ಮರಳಿಸಿ ಕಳಿಸಿದ ಮೇಲೂ, ಮತ್ತೆ ಕರೆ ಬಂದಾಗ ಧರ್ಮರಾಯ ದಾರಿಯಿಂದಲೇ ಹಿಂತಿರುಗಿ ಆಡಲು ಕೂರುತ್ತಾನೆ. ಅವಮಾನ ಮೊದಲೇ ಆಗಿತ್ತು, ಪಾಠವೂ ಸಿಕ್ಕಿತ್ತು, ಕೈಯಲ್ಲಿ ರಾಜ್ಯವೂ ಇತ್ತು. ಕಳೆದದ್ದು ಮರಳಿ ಬಂದರೆ ಸೆಳೆತ ಸಾಯುವುದಿಲ್ಲ ಎಂಬುದನ್ನು ಈ ಪ್ರಸಂಗ ಎಷ್ಟು ಕರುಣೆಯಿಲ್ಲದೆ ತೋರಿಸುತ್ತದೆ! ಸಾಲ ತೀರಿಸುವುದು ಚಿಕಿತ್ಸೆಯ ಜೊತೆಗೆ ನಡೆಯಬೇಕು, ಅದರ ಬದಲಿಗಲ್ಲ.

ಒಂದು ಕ್ಲಿನಿಕ್ಕು ರಾಜ್ಯಕ್ಕೆಲ್ಲ ಸಾಲದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಕರ್ನಾಟಕದಲ್ಲಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ–ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು. ಆಟಗಾರನ ಪರವಾಗಿ ತಾಯಿಯೋ ಹೆಂಡತಿಯೋ ಕೂಡ ಕರೆ ಮಾಡಬಹುದು. ಜೂಜಿನ ಸಮಸ್ಯೆಯನ್ನು ಅಳೆಯುವ ಪಿಜಿಎಸ್‌ಐ ಎಂಬ ಪ್ರಶ್ನಾವಳಿಯಲ್ಲಿರುವುದು ಒಂಬತ್ತೇ ಪ್ರಶ್ನೆ. ಕಳೆದ ಹಣ ಮರಳಿ ಗೆಲ್ಲಲೆಂದು ಮತ್ತೆ ಆಡಿದ್ದೀರಾ, ಆಡಲು ಸಾಲ ಮಾಡಿದ್ದೀರಾ ಎಂಬಂಥವು. ನಿದ್ದೆಯಿಲ್ಲ ಎಂದು, ಎದೆ ಡವಡವ ಎಂದು ಬರುವ ಯುವಕನನ್ನು ಕುಡಿತದ ಬಗ್ಗೆ ಕೇಳುವ ವೈದ್ಯರು ಇವನ್ನೂ ಕೇಳಿದರೆ, ಸಾಲದವರ ಫೋನು ಬರುವ ಮುನ್ನವೇ ವಿಷಯ ಹೊರಬೀಳುತ್ತದೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ.

ಕೊನೆಗೆ ಕೇಂದ್ರವೇ ಎದ್ದಿತು, ಅದೂ ಹಲವು ತಿರುವುಗಳ ನಂತರ. 2023ರ ಏಪ್ರಿಲ್‌ನಲ್ಲಿ ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆಗಳಿಗೆ ಹೊಣೆ ಕೊಡುವ ನಿಯಮ ಬಂತು, ಆ ಸಂಸ್ಥೆಗಳು ಕಾರ್ಯರೂಪಕ್ಕೆ ಬರಲಿಲ್ಲ. ಅದೇ ವರ್ಷದ ಅಕ್ಟೋಬರ್ 1ರಿಂದ ಆಟಗಾರ ಹಾಕುವ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು. ಅಂದಿನಿಂದ ಅವನು ಹಾಕುವ ಪ್ರತಿ ಮೊತ್ತದಲ್ಲೂ ಸರ್ಕಾರದ ಪಾಲು ಸೇರಿತು. ಎರಡು ವರ್ಷ ತುಂಬುವ ಮೊದಲೇ, 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಅಂಗೀಕರಿಸಿದವು, 22ರಂದು ರಾಷ್ಟ್ರಪತಿಯ ಅಂಕಿತವಾಯಿತು. ಹಣದ ಆಟ ಕೌಶಲದ್ದಾದರೂ ಅದೃಷ್ಟದ್ದಾದರೂ ನಿಷಿದ್ಧ. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟರೆ 2 ವರ್ಷ, 50 ಲಕ್ಷ. ಹಣ ರವಾನಿಸುವ ಬ್ಯಾಂಕು, ಪಾವತಿ ಸಂಸ್ಥೆಗಳ ಮೇಲೂ ಶಿಕ್ಷೆಯ ಭಯವಿದೆ. ಆಟಗಾರನಿಗೆ ಶಿಕ್ಷೆಯಿಲ್ಲ.

ಈ ಕೊನೆಯ ಅಂಶವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಶಿಕ್ಷೆಯ ಭಯವಿರುವವನು ಕ್ಲಿನಿಕ್ಕಿಗೆ ಬರುವುದಿಲ್ಲ. ಜಾಹೀರಾತಿನ ನಿಷೇಧವೂ ಸರಿ. ಶೇ 20 ಜಾಗದ ಎಚ್ಚರಿಕೆ ಮಾಡಲಾಗದ್ದನ್ನು ಅದು ಮಾಡೀತು. ಕೌಶಲದ ವಾದವನ್ನು ಪಕ್ಕಕ್ಕಿಟ್ಟು ಹಾನಿಯ ಮೇಲೆ ಕಣ್ಣಿಟ್ಟದ್ದಂತೂ ತಡವಾಗಿ ಬಂದ ವಿವೇಕ. ಆದರೆ ಎರಡೇ ದಿನದಲ್ಲಿ ಎರಡೂ ಸದನ ದಾಟಿದ ಕಾನೂನಿಗೆ ಚಿಕಿತ್ಸೆಯ ಅಧ್ಯಾಯವಿಲ್ಲ. ಆಟ ದಿಢೀರನೆ ನಿಂತಾಗ ಆಳವಾಗಿ ಸಿಕ್ಕಿಕೊಂಡವನಿಗೆ ಎಲ್ಲಿ ಹೋಗಬೇಕೆಂದು ಹೇಳುವ ಏರ್ಪಾಡಿಲ್ಲ. ಅವನಿಗೆ ದಾರಿ ತೋರುವವರು ಬೇರೆ ಇದ್ದಾರೆ. ಟೆಲಿಗ್ರಾಂ ಗುಂಪಿನಲ್ಲಿ ಕೊಂಡಿ, ವಾಟ್ಸ್‌ಆ್ಯಪ್ಪಿನಲ್ಲಿ ‘ಐಡಿ’, ಯಾರದೋ ಹೆಸರಿನ ಬ್ಯಾಂಕು ಖಾತೆಗೆ ಹಣ. ಅಲ್ಲಿ ವಯಸ್ಸು ಕೇಳುವವರಿಲ್ಲ, ಗೆದ್ದ ಹಣ ಸಿಗದಿದ್ದರೆ ದೂರು ಕೊಡಲು ಜಾಗವಿಲ್ಲ, ಎಚ್ಚರಿಕೆಯ ಆ ಸಾಲೂ ಇಲ್ಲ. ತಾಣಗಳನ್ನು ಮುಚ್ಚಿಸುವ ಅಧಿಕಾರ ಸರ್ಕಾರಕ್ಕಿದೆ, ಹೊಸ ಹೆಸರಿನಲ್ಲಿ ತೆರೆಯುವುದು ಅವನ್ನು ನಡೆಸುವವರಿಗೆ ಗಳಿಗೆಯ ಕೆಲಸ. ಈ ಕಾನೂನನ್ನು ರಮ್ಮಿ ಕಂಪನಿಯೊಂದು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಗಳನ್ನೆಲ್ಲ ತನ್ನ ಬಳಿಗೆ ತರಿಸಿಕೊಂಡಿತು.

ತೀರ್ಪು ಏನೇ ಬರಲಿ, ಮಾಡಬೇಕಾದ ಒಂದು ಕೆಲಸಕ್ಕೆ ಅದನ್ನು ಕಾಯಬೇಕಿಲ್ಲ. ಹಣದ ಆಟ ನಿಲ್ಲಿಸಿದ ಕಂಪನಿಗಳ ದಾಖಲೆಯಲ್ಲಿ 2020ರಿಂದ ಈಚಿನ ಪ್ರತಿ ಗೇಮಿನ ಲೆಕ್ಕ ಇರಬೇಕು. ಲಾಕ್‌ಡೌನಿನ ಯಾವ ವಾರ ಆಟದ ಹೊತ್ತು ಏರಿತು, ಯಾವ ಗಂಟೆಯಲ್ಲಿ ಎಷ್ಟು ಮಂದಿ ಸೋತರು, ಸೋತ ಎಷ್ಟು ನಿಮಿಷಕ್ಕೆ ಮತ್ತೆ ಹಣ ಹಾಕಿದರು, ಆದಾಯದ ಎಷ್ಟು ಪಾಲು ಎಷ್ಟು ಮಂದಿಯಿಂದ ಬಂತು, ಕರ್ನಾಟಕದ ಆ ನಾಲ್ಕು ತಿಂಗಳ ಹಿಂದೆ ಮುಂದೆ ಏನಾಯಿತು ಎಂಬುದೆಲ್ಲ ಅದರಲ್ಲಿದೆ. ಇವುಗಳಲ್ಲಿ ಹಲವು ಕಂಪನಿಗಳ ಕಚೇರಿ ಬೆಂಗಳೂರಿನಲ್ಲೇ. ಆಟಗಾರರ ಹೆಸರು, ಫೋನ್ ಸಂಖ್ಯೆ ತೆಗೆದು ಈ ದಾಖಲೆಗಳನ್ನು ನಿಮ್ಹಾನ್ಸ್‌ನ ಸಂಶೋಧಕರಿಗೆ ಒಪ್ಪಿಸುವಂತೆ ಕೇಂದ್ರ ಆದೇಶಿಸಬೇಕು. ಕಂಪನಿಗಳು ಬಾಗಿಲು ಹಾಕಿ ಸರ್ವರುಗಳನ್ನು ಅಳಿಸುವ ಮುನ್ನ ಆದೇಶಿಸಬೇಕು.